ಗೊತ್ತಿದ್ದವರು ಚಾಕ್ ಮುಟ್ಟಬಾರದು

ಗುಂಪು ಚಟುವಟಿಕೆ ನಮ್ಮ ಕಾಸರಗೋಡಿನ ಮೇಷ್ಟ್ರುಗಳಿಗೆ ಹೊಸತಲ್ಲ. ತರಬೇತಿಗೆ ಹೋದಾಗೆಲ್ಲ ನಾವೇ ಐದಾರು ಮಂದಿ ಕೂತು ಚಾರ್ಟ್ ಬರೆದವರು. ಹಾಗಾಗಿ ಅದರ ವಿವರಣೆ ಬೇಡ. ಮಂಜೇಶ್ವರದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ, ಎಂಟನೇ ತರಗತಿಯ ಗಣಿತಕ್ಕೆ ಅದು ಹೇಗೆ ಕೆಲಸಕ್ಕೆ ಬಂತು ಅಂತ ಮಾತ್ರ ಹೇಳುತ್ತೇನೆ. "ಇದೆಲ್ಲ ನಡೆಯುವುದಿಲ್ಲ ಮೇಷ್ಟ್ರೇ" ಅಂದವರೇ ಈಗ ನನ್ನ ಹಲಗೆಗಳನ್ನು ಕಡ ಕೇಳುತ್ತಿದ್ದಾರೆ.

ಮೊದಲ ವರ್ಷ ಆರಾರು ಮಕ್ಕಳ ಗುಂಪು, ಹುಷಾರಿದ್ದವನೇ ಲೀಡರ್. ಅವನು ಬರೆದ, ಒಬ್ಬಳು ಚಾರ್ಟಿನ ಅಂಚಿಗೆ ಹೂಬಳ್ಳಿ ಬಿಡಿಸಿದಳು, ಉಳಿದವರು ಹರಟೆ ಹೊಡೆದರು. ಚಾರ್ಟ್, ಸ್ಕೆಚ್ ಪೆನ್ ಅಂತ ಕೈಯಿಂದ ಸಾವಿರದೈನೂರಾದರೂ ಹೋಗಿರಬೇಕು. ಮುಂದಿನ ವರ್ಷ "ನೀವೇ ಗುಂಪು ಮಾಡಿಕೊಳ್ಳಿ" ಅಂದೆ. ತುಳು ಮನೆಯವರು ಒಂದು ಕಡೆ, ಮಲಯಾಳ ಮನೆಯವರು ಇನ್ನೊಂದು ಕಡೆ, ಮರಾಠಿ ಮಾತಾಡುವ ಮಕ್ಕಳು ಮೂಲೆಯಲ್ಲಿ. ಗೆದ್ದ ಗುಂಪಿಗೆ ಪೆನ್ನು ಬಹುಮಾನ ಅಂತ ಇಟ್ಟದ್ದು ಎಲ್ಲಕ್ಕಿಂತ ಕೆಟ್ಟದಾಯಿತು. "ನಿನ್ನಿಂದಲೇ ಸೋತೆವು" ಅನ್ನಿಸಿಕೊಂಡ ಹುಡುಗ ಎರಡು ದಿನ ಶಾಲೆಗೇ ಬರಲಿಲ್ಲ.

ಆಮೇಲೆ ಲೀಡರನ್ನೇ ತೆಗೆದೆ. ಗುಂಪಿಗೆ ನಾಲ್ವರು, ಪಾಠಕ್ಕೆ ನಾಲ್ಕು ತುಂಡು. ಒಂದೇ ತುಂಡು ಸಿಕ್ಕಿದವರು ಬೇರೆ ಬೇರೆ ಗುಂಪಿನಿಂದ ಬಂದು ಒಟ್ಟಿಗೆ ಕೂತು ಕಲಿಯಬೇಕು. ವಾಪಸ್ ಹೋಗಿ ತಮ್ಮವರಿಗೆ ಹೇಳಿಕೊಡಬೇಕು. ಇದು ಜಿಗ್ಸಾ ಅನ್ನುವ ವಿಧಾನ, 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಶುರುಮಾಡಿದ್ದು. ನನ್ನದು ಅಂತ ಸೇರಿಸಿದ್ದು ಚಾಕಿನ ನಿಯಮ. ಗುಂಪಿಗೆ ಒಂದೇ ಹಲಗೆ, ಒಂದೇ ಚಾಕ್. ಲೆಕ್ಕ ಗೊತ್ತಿಲ್ಲದವರ ಕೈಯಲ್ಲೇ ಚಾಕ್ ಇರಬೇಕು. ಗೊತ್ತಿದ್ದವರು ಬಾಯಲ್ಲಿ ಹೇಳಬಹುದು, ಮುಟ್ಟುವಂತಿಲ್ಲ. ಕೊನೆಗೆ ಚೀಟಿ ಎತ್ತುತ್ತೇನೆ. ಯಾರ ಹೆಸರು ಬಂತೋ ಅವರೇ ಬೋರ್ಡಿಗೆ ಬಂದು ಮಾಡಬೇಕು, ಅವರ ಮಾರ್ಕೇ ನಾಲ್ವರಿಗೂ. ನನ್ನನ್ನು ಕರೆಯಬೇಕಾದರೆ ನಾಲ್ವರೂ ಕೈ ಎತ್ತಬೇಕು.

ಶುರುವಿನಲ್ಲಿ ಗಲಾಟೆಯೋ ಗಲಾಟೆ. ಪಕ್ಕದ ತರಗತಿಯ ಟೀಚರ್ ಕಿಟಕಿ ಮುಚ್ಚಿಕೊಂಡರು. ಪಿಟಿಎ (ಪೋಷಕರ-ಶಿಕ್ಷಕರ ಸಂಘ) ಸಭೆಯಲ್ಲಿ ಒಬ್ಬ ಅಪ್ಪ, "ಮಕ್ಕಳೇ ಪಾಠ ಮಾಡುವುದಾದರೆ ನಿಮಗೆ ಸಂಬಳ ಯಾಕೆ?" ಅಂತ ಕೇಳಿಯೇಬಿಟ್ಟರು. ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯ ಬರೆಹ ಪರೀಕ್ಷೆಗೆ ಶೇ. 30 ಕನಿಷ್ಠ ಅಂಕ ಬೇರೆ ಬಂದಿತ್ತು. ಅವರ ಹೆದರಿಕೆ ಸುಮ್ನೆ ಅಲ್ಲ.

ನನಗೆ ನಂಬಿಕೆ ಬಂದದ್ದು 51ರ ವರ್ಗದ ದಿನ. ಚಾಕ್ ಹಿಡಿದ ಹುಡುಗ 50ರ ವರ್ಗಕ್ಕೆ 1ರ ವರ್ಗ ಕೂಡಿಸಿ 2501 ಅಂತ ಬರೆದ. ನಾವೆಲ್ಲ ನೋಡಿ ನೋಡಿ ಸಾಕಾದ ತಪ್ಪು, ಅಲ್ವಾ? ಅವನ ಗುಂಪಿನಲ್ಲಿ ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬಳು ಹುಡುಗಿ ಇದ್ದಳು. ಚಾಕ್ ಮುಟ್ಟುವಂತಿಲ್ಲವಲ್ಲ, ಪೇಪರ್ ತುಂಡನ್ನು ಚೌಕ ಮಾಡಿ, ಎರಡು ಬದಿಯಲ್ಲಿ ಸಪೂರ ಪಟ್ಟಿ ಬರುವ ಹಾಗೆ ಮಡಚಿದಳು. ದೊಡ್ಡ ಚೌಕ ತೋರಿಸಿದಳು, ಮೂಲೆಯ ಪುಟ್ಟ ಚೌಕ ತೋರಿಸಿದಳು. ಆಮೇಲೆ ತುಳುವಿನಲ್ಲಿ, "ಈ ರಡ್ಡ್ ಪಟ್ಟಿ ಓಡೆ ಪೋಂಡು?" ಅಂತ ಕೇಳಿದಳು. ಎರಡು ಪಟ್ಟಿ ಎಲ್ಲಿ ಹೋಯಿತು ಅಂತ. ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡಿ, ಅಳಿಸಿ, ಐವತ್ತೈವತ್ತರ ಎರಡು ಪಟ್ಟಿಯನ್ನೂ ಸೇರಿಸಿ 2601 ಬರೆದ. ತುಳು, ಮಲಯಾಳ ಯಾವುದೂ ಆಗಬಹುದು, ಬೋರ್ಡಿನಲ್ಲಿ ಮಾತ್ರ ಕನ್ನಡ ಅಂತ ನಿಯಮ ಸಡಿಲಿಸಿದ್ದು ಆ ದಿನದಿಂದಲೇ. ಅದರಿಂದ ಇನ್ನೊಂದು ಲಾಭ ಆಯಿತು. ಯೂಟ್ಯೂಬ್‌ನಲ್ಲಿ ನಮ್ಮ ಸಿಲೆಬಸ್ಸಿನ ಪಾಠ ಮಲಯಾಳದಲ್ಲೇ ಜಾಸ್ತಿ. ಮಲಯಾಳ ಮನೆಯ ಮಕ್ಕಳು ಅದನ್ನು ನೋಡಿ ಬಂದು ಗುಂಪಿಗೆ ಹೇಳತೊಡಗಿದರು.

ನಡುವೆ ಒಂದು ಗುಂಪು ಬಾಯಾರು ಕಡೆಯ ಒಂದು ತೋಟದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಅಳೆಯಲು ಹೊರಟಿತು. ಹತ್ತು ಲೀಟರಿನ ಬಕೆಟ್ ತುಂಬಲು ಎರಡೂವರೆ ನಿಮಿಷ. ದಿನಕ್ಕೆ ಐದೂಮುಕ್ಕಾಲು ಸಾವಿರ ಲೀಟರ್ ಅಂತ ಲೆಕ್ಕ ಹಾಕಿದರು. ತೋಟದ ಅಜ್ಜ, "ಏಪ್ರಿಲಿಗೆ ಬನ್ನಿ, ಆಗ ಲೆಕ್ಕ ಹಾಕಿ" ಅಂದರಂತೆ. ಹೋದರು, ಅರ್ಧಕ್ಕೂ ಕಡಿಮೆ ಇತ್ತು. ಪರೀಕ್ಷೆಗೆ ಇದರಿಂದ ಏನೂ ಸಿಗಲಿಲ್ಲ, ಆದರೆ ಅನುಪಾತದ ಪಾಠ ಅವರಿಗೆ ಮತ್ತೆ ಮಾಡಬೇಕಾಗಲಿಲ್ಲ.

ಖರ್ಚು? ಎಂಟು ಪ್ಲೈವುಡ್ ತುಂಡು, ಬ್ಲ್ಯಾಕ್‌ಬೋರ್ಡ್ ಪೇಂಟ್, ಎಲ್ಲ ಸೇರಿ ಎರಡು ಸಾವಿರದ ಹತ್ತಿರ. ಈಗಲೂ ಗಟ್ಟಿಯಾಗಿವೆ. ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಓಣಂ ಪರೀಕ್ಷೆಯಲ್ಲಿ (ಮೊದಲ ಅವಧಿಯದ್ದು) ಹತ್ತು ಮಂದಿಯಾದರೂ ಶೇ. 30ರ ಕೆಳಗಿದ್ದರು, ವಾರ್ಷಿಕದಲ್ಲಿ ಇಬ್ಬರೋ ಮೂವರೋ. ಆ ಅಪ್ಪನ ಮಗ ಎ ಗ್ರೇಡ್ ತೆಗೆದ, ಅದನ್ನು ನಾನು ಎಲ್ಲ ಕಡೆ ಹೇಳುತ್ತೇನೆ.

ಯಾರ ಜೊತೆ ಯಾರನ್ನು ಕೂರಿಸುವುದು ಅಂತ ಎಲ್ಲರೂ ಕೇಳುತ್ತಾರೆ. ಮಾರ್ಕ್ ನೋಡಿ ಅಲ್ಲ, ಅಷ್ಟೇ ಹೇಳುತ್ತೇನೆ. ಉಳಿದದ್ದು ನನ್ನ ಹತ್ತಿರವೇ ಇರಲಿ. ಒಬ್ಬರು ರಜೆ ಹಾಕಿದರೆ ಅವರ ತುಂಡನ್ನು ಮೊದಲು ಮುಗಿಸಿದ ಗುಂಪಿನವರು ಬಂದು ಹೇಳಿಕೊಡುತ್ತಾರೆ. ಮಳೆಗಾಲದಲ್ಲಿ ಇದು ದಿನವೂ ಬೇಕಾಗುತ್ತದೆ, ಮೊದಲೇ ಹೇಳಿಟ್ಟಿರಿ.