ಬಾವಲಿ ಮರದ ಕೆಳಗೆ ಹಾಳೆ ಹಾಸುವ ಕೆಲಸ

ರಾತ್ರಿ ಎರಡೂವರೆಗೆಲ್ಲ ಮರದ ಕೆಳಗೆ ಇರಬೇಕು. ಇದನ್ನು ನಾನು ತಪ್ಪು ಮಾಡಿ ಕಲಿತೆ. ಮೊದಲ ಸಲ ತುಮಕೂರು ಜಿಲ್ಲೆಯ ಒಂದು ಊರಿನ ಆಲದ ಮರದ ಹತ್ತಿರ ಹೋದಾಗ ಐದು ಗಂಟೆ ಆಗಿತ್ತು. ಮೇಯಲು ಹೋಗಿದ್ದ ಬಾವಲಿಗಳಲ್ಲಿ ಅರ್ಧ ಆಗಲೇ ವಾಪಸ್ ಬಂದಿದ್ದವು. ನಾವು ಪ್ಲಾಸ್ಟಿಕ್ ಹಾಳೆ ಬಿಚ್ಚಿದ ಸದ್ದಿಗೆ ಎಲ್ಲಾ ಒಟ್ಟಿಗೆ ಎದ್ದವು. ಎದೆಗೆ ಮರಿ ಕಚ್ಚಿಕೊಂಡ ತಾಯಿಗಳೂ ಅದರಲ್ಲಿದ್ದವು. ಬೆಳಗಾಗುವವರೆಗೆ ಅವು ಮರದ ಸುತ್ತ ಸುತ್ತುತ್ತಲೇ ಇದ್ದವು. ಅವತ್ತು ಒಂದು ಹನಿಯೂ ಸಿಗಲಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಆ ಮರಿಗಳನ್ನು ನೋಡಿ.

ನಾನು ಹುಡುಕುತ್ತಿದ್ದದ್ದು ಬಾವಲಿಯ ಮೂತ್ರ. ಇವು ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಅಗಲ. ಹಗಲಿಡೀ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಮನುಷ್ಯರಿಗೆ ಬಂದರೆ ಜೀವ ತೆಗೆಯಬಲ್ಲ ನಿಫಾ ವೈರಸ್ ನಮ್ಮ ಕಡೆ ನೆಲೆಸಿರುವುದು ಇವುಗಳ ಮೈಯಲ್ಲೇ. ಅದು ಇದೆಯಾ ಅಂತ ಮೂತ್ರದಲ್ಲಿ ನೋಡಬೇಕು. ಬಾವಲಿ ಹಿಡಿದು ಗಂಟಲು, ಗುದದಿಂದ ಮಾದರಿ ತೆಗೆಯಬಹುದು. ಅದಕ್ಕೆ ಬಲೆ ಬೇಕು, ಅನುಮತಿ ಬೇಕು, ಪ್ರಾಣಿಗೂ ಹಿಂಸೆ. ಹಾಳೆ ಹಾಸಿದರೆ ಅವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಅವು ಮೇಯಲು ಹೋದಾಗ ಹಾಸಿಟ್ಟು ದೂರ ಕೂರಬೇಕು. ಬೆಳಗಿನ ಜಾವ ವಾಪಸ್ ಬಂದು ಕೊಂಬೆ ಹಿಡಿದ ಮೇಲೆ ಮೂತ್ರ ಮಾಡುತ್ತವೆ. ಬೆಳಕು ಹರಿಯುತ್ತಿದ್ದಂತೆ ಹನಿ ಹನಿಯಾಗಿ ಪಿಪೆಟ್ಟಿನಲ್ಲಿ ಎತ್ತಿ ಸಣ್ಣ ಟ್ಯೂಬಿಗೆ ಹಾಕಿ ತಣ್ಣಗೆ ಇಡಬೇಕು. ತಡ ಮಾಡಿದರೆ ಬಿಸಿಲಿಗೆ ಒಣಗುತ್ತದೆ. ಮಳೆ ಬಂದರೆ ಆ ರಾತ್ರಿಯ ಕೆಲಸ ಅಷ್ಟೇ.

ಗ್ಲೌಸ್ ಎರಡು ಜೊತೆ, ಎನ್‌95 ಮಾಸ್ಕ್, ಕನ್ನಡಕ, ಮೈತುಂಬಾ ಗೌನು. ಮೇಲಿನಿಂದ ಏನು ಬೀಳುತ್ತದೋ ಗೊತ್ತಿರುವುದಿಲ್ಲ, ಅಲ್ವಾ? ಈ ಕೆಲಸಕ್ಕೆ ಇಳಿಯುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದೆ. ಇದರಲ್ಲಿ ಯಾವುದನ್ನೂ ಒಂದು ದಿನವೂ ಬಿಟ್ಟವಳಲ್ಲ.

ಊರಿನ ಒಬ್ಬ ಅಜ್ಜ ಎಮ್ಮೆ ಬಿಟ್ಟುಕೊಂಡು ಬಂದವರು ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ಕೇಳಿದರು: "ಏನವ್ವಾ, ಈ ಉಚ್ಚೆ ಹಿಡ್ಕೊಂಡು ಏನ್ ಮಾಡ್ತೀಯಾ?"

ಅವರ ಪಕ್ಕ ಕೂತು ಹೇಳಿದೆ. 1998ರಲ್ಲಿ ಮಲೇಷ್ಯಾದಲ್ಲಿ ನಿಫಾ ಬಾವಲಿಯಿಂದ ಹಂದಿಗೆ ದಾಟಿ, ಹಂದಿ ಸಾಕಿದವರಿಗೆ ಕಾಯಿಲೆ ಬಂತು. ಬಾಂಗ್ಲಾದೇಶದಲ್ಲಿ ಚಳಿಗಾಲದಲ್ಲಿ ಈಚಲು ಮರದ ರಸ ಇಳಿಸುತ್ತಾರೆ. ರಾತ್ರಿ ಬಾವಲಿ ಬಂದು ಅದನ್ನು ನೆಕ್ಕುತ್ತದೆ, ಮಡಕೆಗೆ ಮೂತ್ರ ಬೀಳುತ್ತದೆ. ಬೆಳಿಗ್ಗೆ ಹಸಿ ರಸ ಕುಡಿದವರಿಗೆ ಕಾಯಿಲೆ. ಅಲ್ಲಿ ರಸ ಇಳಿಯುವ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟಿ ನೋಡಿದಾಗ ಬಾವಲಿ ರಸ ಮುಟ್ಟುವುದು ತಪ್ಪಿತು. ಇದು ಅಜ್ಜನಿಗೆ ತಕ್ಷಣ ಅರ್ಥವಾಯಿತು. ಈಚಲು ಮರ, ಮಡಕೆ ಅವರು ಕಂಡು ಬೆಳೆದದ್ದೇ.

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ಪೇರಾಂಬ್ರದಲ್ಲಿ ನಿಫಾ ಬಂದಾಗ ಮೊದಲು ಅನುಮಾನ ಬಿದ್ದದ್ದು ಬಾವಿಯೊಳಗಿನ ಬಾವಲಿಗಳ ಮೇಲೆ. ಅವು ಹುಳ ತಿನ್ನುವ ಸಣ್ಣ ಜಾತಿ. ಮೊದಲು ಪರೀಕ್ಷೆ ಮಾಡಿದ ಪ್ರಾಣಿಗಳಲ್ಲಿ ವೈರಸ್ ಸಿಗಲಿಲ್ಲ. ಆಮೇಲೆ ಹಣ್ಣು ತಿನ್ನುವ 52 ದೊಡ್ಡ ಬಾವಲಿಗಳನ್ನು ನೋಡಿದಾಗ 10ರಲ್ಲಿ ಸಿಕ್ಕಿತು. ಜಾತಿ ಯಾವುದು ಅಂತ ನೋಡದೆ 'ಬಾವಲಿ' ಅಂತ ಒಂದೇ ಮಾತಿನಲ್ಲಿ ಹೇಳಿದರೆ ಉತ್ತರವೇ ತಪ್ಪಿಹೋಗುತ್ತದೆ.

2020ರ ಏಪ್ರಿಲ್‌ನಲ್ಲಿ ಅಜ್ಜನ ಫೋನ್ ಬಂತು. ಊರಿನ ಹುಡುಗರು ಪಟಾಕಿ ಹೊಡೆದು ಬಾವಲಿ ಓಡಿಸಬೇಕು, ಮರ ಕಡಿಯಬೇಕು ಅಂತ ಕೂತಿದ್ದರು. ಕೆಲವು ರಾಜ್ಯಗಳ ಬಾವಲಿಗಳಲ್ಲಿ ಕೊರೊನಾ ವೈರಸ್ ಸಿಕ್ಕಿದೆ ಅನ್ನುವ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿತ್ತು. ಲಾಕ್‌ಡೌನ್ ಇತ್ತು, ಹೋಗುವಂತಿರಲಿಲ್ಲ. ಸ್ಪೀಕರ್ ಹಾಕಿಸಿ ಒಂದು ಗಂಟೆ ಮಾತಾಡಿದೆ. ಬಾವಲಿಯಲ್ಲಿ ಸಿಕ್ಕಿದ್ದು ಬೇರೆ ಕೊರೊನಾ ವೈರಸ್, ಕೋವಿಡ್‌ನದ್ದಲ್ಲ ಅಂದೆ. ಆ ಸುದ್ದಿಯ ಹಿಂದಿದ್ದ ಅಧ್ಯಯನದಲ್ಲಿ ನೋಡಿದ ಕರ್ನಾಟಕದ ಬಾವಲಿಗಳಲ್ಲಿ ಅದೂ ಸಿಕ್ಕಿರಲಿಲ್ಲ ಅಂತಲೂ ಹೇಳಿದೆ.

ಮರ ಕಡಿದರೆ ಆಗುವುದೇನು ಅನ್ನುವುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ನನಗೆ ಆಮೇಲೆ ಸಿಕ್ಕಿತು. ಅಲ್ಲಿ 1994ರಲ್ಲಿ ಕಂಡ ಹೆಂಡ್ರಾ ವೈರಸ್ ನಿಫಾದ ಹತ್ತಿರದ ನೆಂಟ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬರುತ್ತದೆ. 25 ವರ್ಷಗಳ ಮಾಹಿತಿ ಜೋಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಹೀಗೆ: ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿಮೆಯಾದಂತೆ ಬಾವಲಿಗಳು ಸಣ್ಣ ಸಣ್ಣ ಗುಂಪಾಗಿ ಊರು, ಕುದುರೆ ಮೇಯುವ ಬಯಲುಗಳ ಹತ್ತಿರ ಬಂದು ನೆಲೆಸಿದವು. ಹಸಿವು ಜಾಸ್ತಿಯಾದ ವರ್ಷಗಳ ಬೆನ್ನಿಗೇ ಕುದುರೆಗಳಿಗೆ ಸೋಂಕು ಬಂತು. ಉಳಿದ ಕಾಡು ಚಳಿಗಾಲದಲ್ಲಿ ಚೆನ್ನಾಗಿ ಹೂ ಬಿಟ್ಟಾಗ ಬಾವಲಿಗಳು ಅತ್ತ ಹೋದವು, ಸೋಂಕು ದಾಟಲಿಲ್ಲ. ಇದನ್ನು ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಆ ಆಲದ ಮರವೇ.

ಈಗ ಊರಲ್ಲಿ ಮಕ್ಕಳಿಗೂ ಗೊತ್ತು: ಬಾವಲಿ ಕಚ್ಚಿದ ಸಪೋಟ, ಸೀಬೆ ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹೋದ ಸಲ ಕರೆಂಟ್ ಲೈನಿಗೆ ತಾಗುವ ಕೊಂಬೆ ಕಡಿಯಲು ಬಂದವರನ್ನು ಅಜ್ಜ ತಡೆದು, ನನಗೆ ಫೋನ್ ಮಾಡಿ ಕೊಟ್ಟರು. ತಾಯಂದಿರ ಎದೆಯಲ್ಲಿ ಆಗಷ್ಟೇ ಹುಟ್ಟಿದ ಮರಿಗಳಿದ್ದವು. ಮರಿಗಳು ತಾವೇ ಹಾರುವವರೆಗೆ, ಮುಂಗಾರಿನವರೆಗೆ, ಕಾಯಿರಿ ಅಂತ ಕೇಳಿಕೊಂಡೆ. ಲೈನ್‌ಮ್ಯಾನ್ ಒಪ್ಪಿ ಏಣಿ ಇಳಿಸಿಕೊಂಡು ಹೋದರು.