ಹಳೇ ಗೇಮ್, ಹೊಸ ಲೆಕ್ಕ: ರಿಮೇಕ್‌ನಲ್ಲಿ ಏನೇನು ಬದಲಾಯಿತು ಅಂತ ಪತ್ತೆ ಹಚ್ಚುವುದು ಹೇಗೆ?

ಹಳೇ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ಗೇಮ್) ಒಂದರ ರಿಮೇಕ್ ಬಂತು ಅಂದರೆ ಟ್ರೇಲರ್ ತುಂಬ ಹೊಸ ಮುಖ, ಹೊಸ ಕೂದಲು, ಹೊಸ ಬೆಳಕು. ಆಡಲು ಕೂತ ಮೇಲೆ "ಕಥೆ ಅದೇ, ಊರೂ ಅದೇ, ಆದರೂ ಏನೋ ಬೇರೆ ಇದೆಯಲ್ಲ" ಅನ್ನಿಸುತ್ತದೆ. ಆ 'ಏನೋ' ಚಿತ್ರದಲ್ಲಿ ಇರುವುದಿಲ್ಲ, ಒಳಗಿನ ಲೆಕ್ಕದಲ್ಲಿ ಇರುತ್ತದೆ. ಮಂತ್ರ ಎಷ್ಟು ಸಲ ಹಾಕಬಹುದು, ಎಲ್ಲಿ ಸೇವ್ ಮಾಡಬಹುದು, ಲೆವೆಲ್ ಏರಿದರೆ ಏನು ಸಿಗುತ್ತದೆ, ಹೊಡೆಯುವ ಸರದಿ ಯಾರದ್ದು: ಇವೇ ಗೇಮ್‌ನ ಸಿಸ್ಟಮ್‌ಗಳು.

ಇವುಗಳಲ್ಲಿ ಯಾವುದೂ ಒಂಟಿಯಾಗಿ ನಿಂತಿಲ್ಲ. ಮನೆಯ ಒಂದು ಕಂಬ ತೆಗೆದರೆ ಅದರ ಮೇಲಿದ್ದ ಭಾರ ಬೇರೆ ಕಂಬದ ಮೇಲೆ ಕೂರಲೇಬೇಕು. ರಿಮೇಕ್‌ನಲ್ಲಿ ಹುಡುಕಬೇಕಾದ್ದು ಅದನ್ನೇ. ಭಾರ ಎಲ್ಲಿಂದ ಎಲ್ಲಿಗೆ ಹೋಯಿತು? "ಸುಲಭ ಮಾಡಿ ಹಾಳು ಮಾಡಿದರು" ಅಂತ ಸುಮ್ನೆ ಬೈಯುವುದಕ್ಕಿಂತ ಈ ಹುಡುಕಾಟದಲ್ಲಿ ಮಜಾ ಜಾಸ್ತಿ. ಎರಡೂ ಗೇಮ್ ಕೈಯಲ್ಲಿರಲಿ, ಬರೆದುಕೊಳ್ಳಲು ಒಂದು ನೋಟ್‌ಬುಕ್ ಇರಲಿ.

ಹಂತ 1: ಹಳೇ ಗೇಮ್‌ನಲ್ಲಿ ಯಾವುದಕ್ಕೆ ಬರ ಇತ್ತು?

ಪ್ರತಿ ಆರ್‌ಪಿಜಿಯಲ್ಲೂ ಯಾವುದೋ ಒಂದಕ್ಕೆ ಬರ ಇರುತ್ತದೆ. ಅದನ್ನು ಕಾಪಾಡಿಕೊಳ್ಳುವುದೇ ಆಟ. ಮೊದಲು ಅದನ್ನು ಬರೆದುಕೊಳ್ಳಿ.

1987ರ ಮೊದಲ ಫೈನಲ್ ಫ್ಯಾಂಟಸಿಯನ್ನೇ ನೋಡಿ. ಅದರಲ್ಲಿ ಎಂಪಿ, ಅಂದರೆ ಮಂತ್ರ ಹಾಕಿದಂತೆ ಖರ್ಚಾಗುವ ಶಕ್ತಿಯ ಅಂಕ, ಅನ್ನುವುದೇ ಇರಲಿಲ್ಲ. ಮಂತ್ರಗಳಿಗೆ 8 ದರ್ಜೆ. ಒಂದೊಂದು ದರ್ಜೆಯ ಮಂತ್ರವನ್ನು ಇಷ್ಟು ಸಲ ಹಾಕಬಹುದು ಅಂತ ಲೆಕ್ಕ, ಎಷ್ಟೇ ಬೆಳೆದರೂ 9 ಸಲಕ್ಕಿಂತ ಜಾಸ್ತಿ ಇಲ್ಲ. ಗುಹೆಯೊಳಗೆ ಸೇವ್ ಇಲ್ಲ, ಟೆಂಟ್ ಹಾಕುವ ಹಾಗೂ ಇಲ್ಲ. ಸತ್ತವನನ್ನು ಎಬ್ಬಿಸಬೇಕಾದರೆ ಅದಕ್ಕೆಂದೇ ಇರುವ ಮಂತ್ರ ಬೇಕು, ಇಲ್ಲವಾದರೆ ಊರಿಗೆ ವಾಪಸ್ ನಡೆಯಬೇಕು. ಹಾಗಾಗಿ ಮಾರ್ಷ್ ಕೇವ್ ಅನ್ನುವ ಗುಹೆಗೆ ಹೋದಾಗ ಬಾಗಿಲಲ್ಲೇ ಲೆಕ್ಕ ಶುರುವಾಗುತ್ತದೆ. ಈ ಗುಂಪಿನ ಮೇಲೆ ಬೆಂಕಿ ಹಾಕಿಬಿಟ್ಟರೆ ತಳದಲ್ಲಿ ಕಾಯುತ್ತಿರುವವರಿಗೆ ಏನು ಉಳಿಯುತ್ತದೆ? ವಾಪಸ್ ಬರುವ ದಾರಿಗೆ ಏನು ಉಳಿಯುತ್ತದೆ?

2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ಅದರ ಹೊಸ ಆವೃತ್ತಿ ಡಾನ್ ಆಫ್ ಸೋಲ್ಸ್‌ನಲ್ಲಿ ಈ ಲೆಕ್ಕ ಪೂರ್ತಿ ಬದಲಾಯಿತು. ಸಲದ ಲೆಕ್ಕ ಹೋಗಿ ಎಂಪಿ ಬಂತು. ಎಂಪಿ ತುಂಬಿಸುವ ಈಥರ್, ಸತ್ತವರನ್ನು ಎಬ್ಬಿಸುವ ಫೀನಿಕ್ಸ್ ಡೌನ್ ಬಂದವು. ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಗುಹೆ ಅದೇ, ನಕ್ಷೆ ಅದೇ. ಆದರೆ ಬಾಗಿಲಲ್ಲಿ ನಿಂತು ಲೆಕ್ಕ ಹಾಕುವ ಅಗತ್ಯ ಬಹುಮಟ್ಟಿಗೆ ಹೋಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಳೇ ಲೆಕ್ಕದಲ್ಲಿ ಚಿಕ್ಕ ಮಂತ್ರ ಹಾಕಿದರೆ ದೊಡ್ಡ ಮಂತ್ರದ ಪಾಲು ಕಡಿಮೆ ಆಗುತ್ತಿರಲಿಲ್ಲ, ಎರಡೂ ಬೇರೆ ಬೇರೆ ಡಬ್ಬಿ. ಹಾಗಾಗಿ ಗೇಮ್ ಮುಗಿಯುವ ತನಕ ಚಿಕ್ಕ ಮಂತ್ರಗಳಿಗೂ ಕೆಲಸ ಇತ್ತು. ಎಂಪಿ ಬಂದ ಮೇಲೆ ಎಲ್ಲಕ್ಕೂ ಒಂದೇ ಡಬ್ಬಿ. ಈಗ ಯಾವ ಮಂತ್ರಕ್ಕೂ ತನ್ನದೇ ಪಾಲು ಅಂತ ಇಲ್ಲ. ಹೀಗೆ ಒಂದೇ ಒಂದು ನಿಯಮ ಬದಲಾದರೆ ಮಂತ್ರಗಳ ಇಡೀ ಪಟ್ಟಿಯ ಬೆಲೆ ಏರುಪೇರಾಗುತ್ತದೆ.

ಅದೇ ಗೇಮ್‌ನ 2021ರ ಆವೃತ್ತಿ ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ಎಂಪಿ ಬಿಟ್ಟು ಮತ್ತೆ ಹಳೇ ಸಲದ ಲೆಕ್ಕಕ್ಕೇ ಹೋದರು. ಹಳೇದೆಲ್ಲ ದಡ್ಡತನ ಅಲ್ಲ ಅಂತ ಮಾಡಿದವರಿಗೂ ಗೊತ್ತಿದೆ, ಅಲ್ವಾ?

ಹಂತ 2: ಆ ನಿಯಮ ಬೇಕಂತ ಇತ್ತಾ, ವಿಧಿಯಿಲ್ಲದೆ ಇತ್ತಾ, ತಪ್ಪಿನಿಂದ ಇತ್ತಾ?

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ತಪ್ಪಿನ ಉದಾಹರಣೆಗೂ ಅದೇ ಮೊದಲ ಫೈನಲ್ ಫ್ಯಾಂಟಸಿ ಸಾಕು. ಪಾತ್ರಗಳಿಗೆ ಇಂಟೆಲಿಜೆನ್ಸ್ ಅಂತ ಒಂದು ಅಂಕಿ ಇದೆ, ಲೆವೆಲ್ ಏರಿದಾಗ ಅದೂ ಏರುತ್ತದೆ. ಆದರೆ 1987ರ ಕೋಡ್‌ನಲ್ಲಿ ಅದು ಮಂತ್ರದ ಏಟಿಗೆ ಏನೂ ಸೇರಿಸುತ್ತಿರಲಿಲ್ಲ. ಅದು ಬರೀ ತೋರಿಕೆ. ಮುಂದೆ ಈ ಬಗ್ ಸರಿಮಾಡಿದಾಗ ಮಂತ್ರವಾದಿಗಳು ಬಲವಾದರು. ಇದನ್ನು "ಸುಲಭ ಮಾಡಿದರು" ಅನ್ನಲು ಬರುವುದಿಲ್ಲ. ಮೊದಲೇ ಆಗಬೇಕಿದ್ದದ್ದು ತಡವಾಗಿ ಆಯಿತು, ಅಷ್ಟೇ.

ಇನ್ನು ಕೆಲವು ಸಲ ಯಂತ್ರವೇ ನಿಯಮ ಬರೆಯುತ್ತದೆ. 1990ರ ಫೈನಲ್ ಫ್ಯಾಂಟಸಿ 3 ಅನ್ನು 2006ರಲ್ಲಿ ನಿಂಟೆಂಡೊ ಡಿಎಸ್‌ಗೆ ಮೂರು ಆಯಾಮದಲ್ಲಿ ಮಾಡಿದರು. ಪರದೆಯ ಮೇಲೆ ಒಂದು ಸಲಕ್ಕೆ 3 ಶತ್ರುಗಳಿಗಿಂತ ಜಾಸ್ತಿ ಬರುವ ಹಾಗಿರಲಿಲ್ಲ. ಹಳೇ ಗೇಮ್‌ನಲ್ಲಿ ಅದಕ್ಕಿಂತ ದೊಡ್ಡ ಹಿಂಡು ಬರುತ್ತಿತ್ತು. ಹಿಂಡು ಚಿಕ್ಕದಾಯಿತು, ಹಾಗಾಗಿ ಒಬ್ಬೊಬ್ಬ ಶತ್ರುವನ್ನೂ ಗಟ್ಟಿ ಮಾಡಬೇಕಾಯಿತು. ಎಷ್ಟೋ ಬಾಸ್‌ಗಳು (ದೊಡ್ಡ ಶತ್ರುಗಳು) ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತವೆ. "ಡಿಎಸ್‌ನಲ್ಲಿ ಇದು ಇಷ್ಟು ಕಷ್ಟ ಯಾಕೆ" ಅಂತ ಕೇಳುವವರಿಗೆ ಉತ್ತರದ ಒಂದು ಭಾಗ ಆ ಪರದೆಯಲ್ಲೇ ಇದೆ.

ಹಂತ 3: ಒಂದೇ ಬಾಸ್ ಜೊತೆ ಎರಡೂ ಕಡೆ ಹೋರಾಡಿ

ಇಡೀ ಗೇಮ್ ಹೋಲಿಸಲು ಹೊರಟರೆ ತಲೆ ಕೆಡುತ್ತದೆ. ಒಬ್ಬ ಬಾಸ್ ಸಾಕು. ಆದಷ್ಟು ಮೊದಲಲ್ಲೇ ಬರುವವನನ್ನು ಆರಿಸಿಕೊಳ್ಳಿ, ಆಗ ಸಲಕರಣೆಗಳ ಗೊಂದಲ ಇರುವುದಿಲ್ಲ.

1997ರ ಫೈನಲ್ ಫ್ಯಾಂಟಸಿ 7 ಮತ್ತು 2020ರ ಅದರ ರಿಮೇಕ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಎರಡರಲ್ಲೂ ಮೊದಲ ಬಾಸ್ ರಿಯಾಕ್ಟರ್‌ನೊಳಗಿನ ಚೇಳಿನ ಆಕಾರದ ಯಂತ್ರ. ಎರಡರಲ್ಲೂ ಮಿಂಚಿನ ಮಂತ್ರ ಅದಕ್ಕೆ ಜಾಸ್ತಿ ಏಟು ಕೊಡುತ್ತದೆ. ಬಾಲದಿಂದ ಲೇಸರ್ ಬಿಡುವುದೂ ಎರಡರಲ್ಲೂ ಇದೆ.

ಹಳೇದರಲ್ಲಿ ನಿಮ್ಮ ಸರದಿಯ ಗೇಜ್ ತಾನಾಗಿ ತುಂಬುತ್ತದೆ. ಎಟಿಬಿ ಅನ್ನುವ ಈ ಪದ್ಧತಿ 1991ರ ಫೈನಲ್ ಫ್ಯಾಂಟಸಿ 4ರಿಂದ ಬಂದದ್ದು. ತುಂಬಿದ ಮೇಲೆ ಮೆನುವಿನಿಂದ ಒಂದು ಕೆಲಸ ಆರಿಸುತ್ತೀರಿ. ಚೇಳು ಬಾಲ ಎತ್ತಿದಾಗ ಮಾತ್ರ ಕೈ ಕಟ್ಟಿ ಕೂರಬೇಕು, ಹೊಡೆದರೆ ಲೇಸರ್‌ನಿಂದ ತಿರುಗೇಟು ಬೀಳುತ್ತದೆ. ಅಂದರೆ ಆ ಬಾಸ್ ಕಲಿಸುವ ಪಾಠ ಒಂದೇ: ಸರದಿ ಬಂದ ಮಾತ್ರಕ್ಕೆ ಹೊಡೆಯಬೇಕು ಅಂತೇನಿಲ್ಲ.

ರಿಮೇಕ್‌ನಲ್ಲಿ ನೀವೇ ಓಡುತ್ತೀರಿ, ಕತ್ತಿ ಬೀಸುತ್ತೀರಿ, ತಡೆಯುತ್ತೀರಿ. ಲೇಸರ್ ಬರುವಾಗ ಮೇಲಿಂದ ಬಿದ್ದ ಅವಶೇಷಗಳ ಹಿಂದೆ ಅಡಗಬೇಕು. 'ಕಾಯುವುದು' ಇದ್ದದ್ದು 'ಜಾಗ ಬದಲಿಸುವುದು' ಆಯಿತು. ಎಟಿಬಿ ಅನ್ನುವ ಹೆಸರು ಉಳಿದಿದೆ, ಕೆಲಸ ಮಾತ್ರ ಬೇರೆ. ಗೇಜ್ ತಾನಾಗಿ ತೆವಳುತ್ತದೆ, ಹೊಡೆದರೆ ಬೇಗ ತುಂಬುತ್ತದೆ. ಮಂತ್ರ, ವಿಶೇಷ ಏಟು, ಗಾಯಕ್ಕೆ ಪೋಶನ್, ಎಲ್ಲಕ್ಕೂ ಆ ಗೇಜ್‌ನಿಂದಲೇ ಕೊಡಬೇಕು. ಮಂತ್ರಕ್ಕಾದರೆ ಅದರ ಮೇಲೆ ಎಂಪಿ ಬೇರೆ.

ಇದರ ಅರ್ಥ ಏನು ನೋಡಿ. ಎಚ್‌ಪಿ (ಉಳಿದ ಜೀವದ ಅಂಕ) ಕೆಂಪಗಾಗಿದೆ, ಚೀಲದಲ್ಲಿ ಪೋಶನ್ ರಾಶಿ ಇದೆ, ಆದರೂ ಗೇಜ್ ಖಾಲಿ ಇದ್ದರೆ ಕುಡಿಯುವಂತಿಲ್ಲ. ಹಳೇದರಲ್ಲಿ ಕಾದರೆ ಸರದಿ ಬಂದೇ ಬರುತ್ತಿತ್ತು. ಇಲ್ಲಿ ಅದನ್ನು ಬೇಗ ಸಂಪಾದಿಸಬೇಕಾದರೆ ಮುಂದೆ ನುಗ್ಗಿ ಹೊಡೆಯಬೇಕು. ಬರ ಚೀಲದಿಂದ ಗೇಜ್‌ಗೆ ಬಂದಿದೆ. ನನ್ನ ಮಟ್ಟಿಗೆ ಆ ರಿಮೇಕ್‌ನ ಅತ್ಯಂತ ಜಾಣ ಬದಲಾವಣೆ ಇದೇ. ಬಟನ್ ಒತ್ತುವ ಆಕ್ಷನ್ ಗೇಮ್ ಥರ ಕಂಡರೂ ಒಳಗೆ ಮೆನುವಿಗೇ ಮರ್ಯಾದೆ. ಬರೀ ಕತ್ತಿ ಬೀಸುತ್ತಾ ಇದ್ದರೆ ಬಾಸ್‌ನ ಎಚ್‌ಪಿ ಇಳಿಯುವುದು ನಿಧಾನ.

ಜೊತೆಗೆ ಸ್ಟ್ಯಾಗರ್ ಗೇಜ್ ಬಂದಿದೆ. ಅದನ್ನು ತುಂಬಿಸಿದರೆ ಶತ್ರು ಕುಸಿದು ಕೂರುತ್ತಾನೆ, ಆಗ ಏಟು 160 ಶೇಕಡದಿಂದ ಶುರು. ಇದು 1997ರಲ್ಲಿ ಇರಲಿಲ್ಲ, 2009ರ ಫೈನಲ್ ಫ್ಯಾಂಟಸಿ 13ರಿಂದ ತಂದದ್ದು. ರಿಮೇಕ್ ಅಂದರೆ ಒಂದೇ ಹಳೇ ಗೇಮ್‌ನ ಮಗು ಅಲ್ಲ, ಮಧ್ಯೆ ಬಂದ ಅಣ್ಣಂದಿರ ಅಂಗಿಯನ್ನೂ ಹಾಕಿಕೊಂಡಿರುತ್ತದೆ.

ಮಟೀರಿಯಾ, ಅಂದರೆ ಆಯುಧಕ್ಕೆ ಜೋಡಿಸಿ ಮಂತ್ರ ಪಡೆಯುವ ಗೋಲಿಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹಳೇದರಲ್ಲಿ 'ಆಲ್' ಅನ್ನುವ ಮಟೀರಿಯಾ ಜೋಡಿಸಿದರೆ ಮಂತ್ರ ಎಲ್ಲರ ಮೇಲೂ ಬೀಳುತ್ತಿತ್ತು. ಅದನ್ನು ಎಷ್ಟು ಬೇಕಾದರೂ ಗುಡ್ಡೆ ಹಾಕಬಹುದಿತ್ತು. ಮಿತಿ ಏನಿದ್ದರೂ ಒಂದು ಹೋರಾಟಕ್ಕೆ ಇಷ್ಟು ಸಲ ಅಂತ. ರಿಮೇಕ್‌ನಲ್ಲಿ ಅದರ ಜಾಗಕ್ಕೆ 'ಮ್ಯಾಗ್ನಿಫೈ' ಬಂದಿದೆ. ಸಿಗುವುದು ಒಂದೇ, ಹಂಚಿ ಹಾಕಿದಾಗ ಮಂತ್ರದ ಬಲವೂ ಕಡಿಮೆ. ಅದನ್ನು ಗಾಯ ವಾಸಿ ಮಾಡಲು ಇಡಬೇಕಾ, ಬೆಂಕಿ ಹಾಕಲು ಇಡಬೇಕಾ? ಹಳೇದರಲ್ಲಿ ಎರಡಕ್ಕೂ ಇಡಬಹುದಿತ್ತು, ಹಾಗಾಗಿ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಹಂತ 4: ಒಂದು ಪಾತ್ರದ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ

ಕೆಲವು ಬದಲಾವಣೆ ಪರದೆಯ ಮೇಲೆ ಕಾಣುವುದೇ ಇಲ್ಲ. ಪೋಕೆಮಾನ್‌ನ ಹಿಟ್‌ಮಾನ್‌ಚಾನ್ ಅನ್ನುವ ಬಾಕ್ಸರ್‌ನನ್ನು ನೋಡಿ. ಅವನ ಮೂಲ ಅಟ್ಯಾಕ್ (ಮೈಬಲ) 105, ಸ್ಪೆಷಲ್ ಅಟ್ಯಾಕ್ (ಮಾಯಾಬಲ) ಬರೀ 35. ಅವನ ಹೆಮ್ಮೆಯ ವಿದ್ಯೆ ಬೆಂಕಿ, ಮಂಜು, ಮಿಂಚಿನ ಗುದ್ದುಗಳು. 1999ರ ಗೋಲ್ಡ್, ಸಿಲ್ವರ್ ಗೇಮ್‌ಗಳಲ್ಲಿ ಬೆಂಕಿಯ ಏಟು ಯಾವುದೇ ಇರಲಿ, ಲೆಕ್ಕ ಸ್ಪೆಷಲ್‌ನಿಂದಲೇ. ಗುದ್ದುವವನು ಬಾಕ್ಸರ್, ಎಣಿಸುವುದು 35. ಪಾಪ.

2009ರಲ್ಲಿ ಆ ಗೇಮ್‌ಗಳ ರಿಮೇಕ್ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಬಂದವು. ಅಷ್ಟರಲ್ಲಿ ಸರಣಿಯ ನಿಯಮವೇ ಬದಲಾಗಿತ್ತು. 2006ರ ಡೈಮಂಡ್, ಪರ್ಲ್‌ನಿಂದ ಒಂದೊಂದು ಏಟಿಗೂ ಅದು ಮೈಯಿಂದ ಹೊಡೆಯುವುದಾ, ಸ್ಪೆಷಲ್ಲಾ ಅಂತ ಬೇರೆ ಬೇರೆ ಗುರುತು. ಗುದ್ದುಗಳೆಲ್ಲ ಅಟ್ಯಾಕ್ ಕಡೆ ಬಂದವು. ಅದೇ ಹಿಟ್‌ಮಾನ್‌ಚಾನ್, ಅದೇ ಗುದ್ದು, ಈಗ ಲೆಕ್ಕ 105ರಿಂದ. ಐರನ್ ಫಿಸ್ಟ್ ಅನ್ನುವ ಗುಣ ಅವನಿಗೆ ಸಿಕ್ಕಿದ್ದರೆ ಗುದ್ದಿಗೆ ಇನ್ನೂ 20 ಶೇಕಡ ಬಲ. ಊರು, ದಾರಿ, ಜಿಮ್ ಎಲ್ಲ ಹಳೇದೇ ಇದ್ದರೂ ತಂಡಕ್ಕೆ ಯಾರನ್ನು ಸೇರಿಸಬೇಕು ಅನ್ನುವ ಹಳೇ ಸಲಹೆಗಳು ಇಲ್ಲಿ ನಡೆಯುವುದಿಲ್ಲ.

ಹಂತ 5: ಲೆವೆಲ್ ಏರುವ ದಾರಿ ನೋಡಿ

2006ರ ಒಬ್ಲಿವಿಯನ್ ಅನ್ನುವ ಗೇಮ್‌ನಲ್ಲಿ ಇದೊಂದು ದೊಡ್ಡ ತಲೆನೋವು. 7 ಮುಖ್ಯ ಸ್ಕಿಲ್‌ಗಳು ಒಟ್ಟು 10 ಸಲ ಏರಿದರೆ ಲೆವೆಲ್ ಏರುತ್ತದೆ. ಆಗ ಶಕ್ತಿ, ವೇಗದಂಥ 3 ಗುಣಗಳಿಗೆ ಅಂಕ ಹಾಕಬೇಕು. ಒಂದು ಗುಣಕ್ಕೆ ಸೇರಿದ ಸ್ಕಿಲ್‌ಗಳನ್ನು ಆ ಲೆವೆಲ್‌ನಲ್ಲಿ 10 ಸಲ ಏರಿಸಿದ್ದರೆ ಮಾತ್ರ ಪೂರ್ತಿ 5 ಅಂಕ, ಇಲ್ಲವಾದರೆ ಕಡಿಮೆ. ಮೇಲಾಗಿ ನಿಮ್ಮ ಲೆವೆಲ್ ಏರಿದಂತೆ ಶತ್ರುಗಳೂ ಬಲವಾಗುತ್ತಾರೆ. ಹಾಗಾಗಿ ಚುರುಕಾದವರು ಏನು ಮಾಡಿದರು? ತಾವು ಬಳಸದ ಸ್ಕಿಲ್‌ಗಳನ್ನೇ 'ಮುಖ್ಯ' ಅಂತ ಆರಿಸಿ, ಲೆವೆಲ್ ಏರದಂತೆ ತಡೆದು, ಕಾಗದದ ಮೇಲೆ ಲೆಕ್ಕ ಇಟ್ಟುಕೊಂಡು ಆಡಿದರು. ಕತ್ತಿ ಹಿಡಿದ ವೀರನ ಕಥೆ ಗುಮಾಸ್ತನ ಕೆಲಸ ಆಯಿತು.

2025ರ ಆವೃತ್ತಿಯ ಹೆಸರಲ್ಲಿ 'ರೀಮಾಸ್ಟರ್ಡ್' ಅಂತ ಇದೆ, ಮಾಡಿದ್ದು ಮಾತ್ರ ಬರೀ ಬಣ್ಣ ಬಳಿಯುವ ಕೆಲಸ ಅಲ್ಲ. ಲೆವೆಲ್ ಏರಿದಾಗ ಎಲ್ಲರಿಗೂ 12 ಅಂಕ. ಒಂದು ಗುಣಕ್ಕೆ ಹೆಚ್ಚೆಂದರೆ 5, ಮೂರು ಗುಣಗಳವರೆಗೆ ಹಂಚಬಹುದು. ಲಕ್ ಅನ್ನುವ ಗುಣ ಬೇಕಾದರೆ ಒಂದಕ್ಕೆ 4 ಅಂಕದ ದುಬಾರಿ ಬೆಲೆ. ಮುಖ್ಯವಲ್ಲದ ಸ್ಕಿಲ್‌ಗಳೂ ಲೆವೆಲ್‌ಗೆ ಸೇರುತ್ತವೆ. ಶತ್ರುಗಳು ಮಾತ್ರ ಈಗಲೂ ನಿಮ್ಮ ಜೊತೆಗೇ ಬೆಳೆಯುತ್ತಾರೆ. ನನಗೆ ಕೇಳಿದರೆ ಇದನ್ನೂ ಮುಟ್ಟಬಹುದಿತ್ತು.

ಹಂತ 6: ತೆಗೆದುಹಾಕಿದ್ದರ ಪಟ್ಟಿ

ಹೊಸದಾಗಿ ಸೇರಿಸಿದ್ದನ್ನು ಗೇಮ್ ತಾನೇ ಕರೆದು ತೋರಿಸುತ್ತದೆ. ತೆಗೆದದ್ದನ್ನು ನೀವೇ ಹುಡುಕಬೇಕು. 2006ರ ಪರ್ಸೋನಾ 3ರಲ್ಲಿ ನಾಯಕನಿಗೆ ಮಾತ್ರ ನೀವು ನೇರವಾಗಿ ಆಜ್ಞೆ ಕೊಡಬಹುದಿತ್ತು, ಉಳಿದವರು ಕೊಟ್ಟ ಸೂಚನೆಯ ಮೇಲೆ ತಮ್ಮ ಬುದ್ಧಿ ಓಡಿಸುತ್ತಿದ್ದರು. ಶತ್ರುಗಳಿರುವ ಗೋಪುರದಲ್ಲಿ ಜಾಸ್ತಿ ಹೊತ್ತು ಹೋರಾಡಿದರೆ ಸುಸ್ತಾಗುತ್ತಿದ್ದರು. 2024ರಲ್ಲಿ ಬಂದ ಅದರ ರಿಮೇಕ್ ರೀಲೋಡ್‌ನಲ್ಲಿ ಎಲ್ಲರೂ ನಿಮ್ಮ ಕೈಯಲ್ಲೇ, ಸುಸ್ತೂ ಇಲ್ಲ. ಆಡಲು ಆರಾಮ, ಒಪ್ಪುತ್ತೇನೆ. ಆದರೆ "ಇವತ್ತಿಗೆ ಸಾಕು, ಮನೆಗೆ ಹೋಗೋಣ" ಅಂತ ಜೊತೆಗಾರರ ದಣಿವು ಹೇಳುತ್ತಿತ್ತು. ಈಗ ಅದನ್ನು ಹೇಳುವುದು ಖಾಲಿಯಾದ ಎಸ್‌ಪಿ (ಈ ಗೇಮ್‌ನ ಎಂಪಿ).

ಹಂತ 7: ಕೊನೆಗೆ ಸೆಟ್ಟಿಂಗ್ಸ್

ಈಗೀಗ ಎಷ್ಟೋ ನಿಯಮಗಳು ಮೆನುವಿಗೆ ಹೋಗಿವೆ. 2024ರ ಡ್ರ್ಯಾಗನ್ ಕ್ವೆಸ್ಟ್ 3 ರಿಮೇಕ್‌ನಲ್ಲಿ ಮೂರು ಕಷ್ಟದ ಮಟ್ಟ ಇವೆ, ಅತಿ ಸುಲಭದ್ದರಲ್ಲಿ ಹೋರಾಟದಲ್ಲಿ ನಿಮ್ಮವರ ಎಚ್‌ಪಿ 1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಹೋಲಿಸುವ ಮುಂಚೆ ಯಾವ ಮಟ್ಟದಲ್ಲಿ ಆಡಿದಿರಿ ಅಂತ ನೋಟ್‌ಬುಕ್‌ನಲ್ಲಿ ಮೊದಲ ಸಾಲಿಗೇ ಬರೆಯಿರಿ.

ಹೆಸರು ನೋಡಿ ಮೋಸ ಹೋಗಬೇಡಿ. ಫೈನಲ್ ಫ್ಯಾಂಟಸಿ 7 ರಿಮೇಕ್‌ನಲ್ಲಿ 'ಕ್ಲಾಸಿಕ್' ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಓಡುವುದು, ಹೊಡೆಯುವುದು, ತಡೆಯುವುದನ್ನು ಪಾತ್ರವೇ ಮಾಡಿಕೊಳ್ಳುತ್ತದೆ, ನೀವು ಮೆನು ಮಾತ್ರ ನೋಡಿಕೊಂಡರೆ ಆಯಿತು. ಹಳೇದರ ಹಾಗೆ ಕಾಣುತ್ತದೆ, ಆದರೆ ಕೆಳಗೆ ಓಡುತ್ತಿರುವುದು ಹೊಸ ಗೇಜ್, ಹೊಸ ಸ್ಟ್ಯಾಗರ್, ಹೊಸ ಮಟೀರಿಯಾ ಲೆಕ್ಕವೇ. 1997ರ ಎಟಿಬಿ ಬೇಕಾದರೆ ಆ ಗೇಮ್ ಅನ್ನೇ ಹಾಕಬೇಕು. ಈಗಿನ ಕನ್ಸೋಲ್‌ಗಳಲ್ಲೂ ಅದು ಸಿಗುತ್ತದೆ. ಅಲ್ಲಿಯೂ ಮೂರು ಪಟ್ಟು ವೇಗಕ್ಕೆ ಒಂದು ಬಟನ್, ದಾರಿಯಲ್ಲಿ ಅಡ್ಡ ಬರುವ ಶತ್ರುಗಳನ್ನು ಆಫ್ ಮಾಡಲು ಇನ್ನೊಂದು ಇದೆ. ಹೋಲಿಸುವಾಗ ಎರಡನ್ನೂ ಮುಟ್ಟಬೇಡಿ.