ಕರೆ ದೇವರದ್ದೋ, ಮನೆಯವರದ್ದೋ? ಪರೀಕ್ಷೆ ಮಾಡಿ ನೋಡಿ

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಒಂದು ರೂಢಿ ಇದೆ. ಮಗುವಿನ ಜ್ವರ ಇಳಿಯುತ್ತಿಲ್ಲ ಅಂದ್ರೆ ಅಮ್ಮ ಡಿಸೆಂಬರ್ 3ರ ಫೆಸ್ತಿಗೆ, ಅಂದ್ರೆ ಹಬ್ಬಕ್ಕೆ, ಚಂದಾವರದ ಚರ್ಚಿಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರ್ ಮುಂದೆ ಹರಕೆ ಹೊರುತ್ತಾಳೆ, ಇವನು ಉಳಿದರೆ ಪಾದ್ರಿ ಮಾಡ್ತೇನೆ ಅಂತ. ಹುಡುಗ ಉಳಿಯುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಯೋ ಹೊತ್ತಿಗೆ ವಾಡೆಯವರೆಲ್ಲ ಅವನನ್ನು ಸಣ್ಣ ಪಾದ್ರಿ ಅಂತಲೇ ಕರೆಯುತ್ತಿರುತ್ತಾರೆ. ಅವನಿಗೆ ಮಾತ್ರ ಪಾದ್ರಿಯಾಗು ಅನ್ನುವ ದೇವರ ಕರೆ ಇನ್ನೂ ಕೇಳಿಸಿರುವುದಿಲ್ಲ.

ಹರಕೆ ತಪ್ಪು ಅಂತ ನಾನು ಹೇಳಲ್ಲ. ಬೈಬಲಿನಲ್ಲಿ ಹನ್ನಳೂ ಹರಕೆ ಹೊತ್ತೇ ಸಮುವೇಲನನ್ನು ಶಿಲೋವಿನ ಆಲಯಕ್ಕೆ ಒಪ್ಪಿಸಿದಳು. ಆದರೆ ಒಂದನೇ ಸಮುವೇಲನ ಪುಸ್ತಕದ 3ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಹುಡುಗ ಆಲಯದಲ್ಲೇ ಮಲಗುತ್ತಿದ್ದ, ಅಲ್ಲೇ ಸೇವೆ ಮಾಡುತ್ತಿದ್ದ, ಆದರೂ ಅವನಿಗೆ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಅಂತ ಅಲ್ಲೇ ಬರೆದಿದೆ. ಅಮ್ಮನ ಹರಕೆ ಅವನನ್ನು ಬಾಗಿಲ ತನಕ ತಂದಿತ್ತು, ಅಷ್ಟೇ. ದೇವರು ಆಮೇಲೆ ಬೇರೆಯಾಗಿ ಅವನ ಹೆಸರು ಹಿಡಿದೇ ಕರೆಯಬೇಕಾಯಿತು.

ಕ್ಯಾಥೊಲಿಕ್ ಚರ್ಚಿನ ಕಾನೂನೂ ಇದನ್ನೇ ಹೇಳುತ್ತದೆ. 1983ರ ಕ್ಯಾನನ್ ಕಾನೂನಿನ 1193ನೇ ಕಲಮಿನ ಪ್ರಕಾರ ಹರಕೆ ಕಟ್ಟಿಹಾಕುವುದು ಹೊತ್ತವರನ್ನು ಮಾತ್ರ. ಅಮ್ಮನ ಹರಕೆ ಮಗನ ಕುತ್ತಿಗೆಗೆ ಬೀಳುವುದಿಲ್ಲ. ಸರಿಯಾದ ಕಾರಣ ಇದ್ದರೆ ಊರಿನ ಫಾದರ್ ಅಮ್ಮನನ್ನೂ ಆ ಹರಕೆಯಿಂದ ಬಿಡಿಸಬಹುದು. ಬಹಳ ಮನೆಗಳಲ್ಲಿ ಇದು ಗೊತ್ತೇ ಇಲ್ಲ, ಸುಮ್ನೆ ಹೆದರಿಕೊಂಡು ಕೂತಿರುತ್ತಾರೆ.

ಹಾಗಾದರೆ ನಿಮಗೆ ಬಂದಿರುವ ಕರೆಯನ್ನು ಗುರುತಿಸುವುದು ಹೇಗೆ? ಮೊದಲು, ಕನಸು ಬೀಳುತ್ತೆ, ದನಿ ಕೇಳುತ್ತೆ ಅಂತ ಕಾಯಬೇಡಿ. ಬಹಳ ಸಲ ಕರೆ ಬರುವುದು ಯಾವುದೋ ಅನನುಕೂಲದ ವೇಷದಲ್ಲಿ. ಝೇವಿಯರ್ ಕಥೆಯನ್ನೇ ತೆಗೆದುಕೊಳ್ಳಿ. ಧರ್ಮಪ್ರಚಾರಕ್ಕೆ ಭಾರತಕ್ಕೆ ಹೊರಡಬೇಕಿದ್ದವರು ಅವರಲ್ಲ, ನಿಕೋಲಾಸ್ ಬೊಬಾಡಿಲ್ಲ ಅನ್ನುವ ಜೊತೆಗಾರ. ಅವರು ಕಾಯಿಲೆ ಬಿದ್ದರು. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲ ಝೇವಿಯರ್‌ರನ್ನು ಕೇಳಿದರು, ಝೇವಿಯರ್ ತಡಮಾಡದೆ 1540ರಲ್ಲಿ ರೋಮ್ ಬಿಟ್ಟರು, 1542ರ ಮೇ 6ಕ್ಕೆ ಗೋವಾ ಮುಟ್ಟಿದರು. ಹಳೆಗೋವಾದಲ್ಲಿ ಸಾಲು ನಿಂತು ಅವರ ದರ್ಶನ ಮಾಡಿ ಬರುವ ನಮ್ಮವರು ಎಷ್ಟೊಂದು ಜನ, ಅಲ್ವಾ? ಅವರು ಇಲ್ಲಿಗೆ ಬಂದದ್ದು ಇನ್ನೊಬ್ಬರ ಕಾಯಿಲೆಯಿಂದ. ನಿಮ್ಮಲ್ಲೂ ಯಾರೋ ಬರಲಾಗದೆ ತಪ್ಪಿದ ಕೆಲಸ ನಿಮ್ಮ ಕೈಗೆ ಬಂದಿರಬಹುದು. ಅದನ್ನು ತಳ್ಳಿಹಾಕುವ ಮುಂಚೆ ಒಂದು ಸಲ ನೋಡಿ.

ಎರಡನೇ ಪರೀಕ್ಷೆ ಇಗ್ನೇಷಿಯಸ್‌ರದ್ದೇ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಮಲಗಿದ್ದಾಗ ಅವರು ಎರಡು ಥರ ಹಗಲುಗನಸು ಕಾಣುತ್ತಿದ್ದರು. ಒಂದು ದೊಡ್ಡ ಮನೆತನದ ಹೆಂಗಸಿನ ಮುಂದೆ ಶೂರತನ ಮೆರೆಯುವ ಕನಸು. ಇನ್ನೊಂದು ಸಂತರ ಹಾಗೆ ಬದುಕುವ ಕನಸು. ಕಾಣುವಾಗ ಎರಡೂ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದ ಹಾಗಾಗುತ್ತಿತ್ತು, ಎರಡನೆಯದರ ಖುಷಿ ಹಾಗೇ ಉಳಿಯುತ್ತಿತ್ತು. ನೀವೂ ಅದನ್ನೇ ಗಮನಿಸಿ, ಯೋಚನೆ ಬಂದಾಗಿನ ಉತ್ಸಾಹವನ್ನಲ್ಲ, ಅದು ಹೋದ ಮೇಲೆ ಏನು ಉಳಿಯಿತು ಅನ್ನುವುದನ್ನು. ಧ್ಯಾನಕೂಟ ಮುಗಿಸಿ ಬಂದ ಸಂಜೆ ಎಲ್ಲರಿಗೂ ಪಾದ್ರಿಯೋ ಸಿಸ್ಟರೋ ಆಗಬೇಕು ಅನಿಸುತ್ತೆ. ಆ ಸಂಜೆ ಯಾರಿಗೂ ಮಾತು ಕೊಡಬೇಡಿ. ಹಾಗೇ ಮನಸ್ಸು ಕುಗ್ಗಿದಾಗ, ಪ್ರಾರ್ಥನೆ ರುಚಿಸದಿದ್ದಾಗ, ಚೆನ್ನಾಗಿದ್ದ ದಿನ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಇದೂ ಅವರದ್ದೇ ಸೂತ್ರ.

ನನ್ನ ಕೇಳಿದರೆ ಇದೆಲ್ಲಕ್ಕಿಂತ ಗಟ್ಟಿ ಪರೀಕ್ಷೆ ಕೆಲಸಕ್ಕೆ ಕೈ ಹಾಕುವುದು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಬೋಟಿನ ಮೇಲೆ ಹೋಗುವವರಿಗೆ ಒಳ್ಳೆ ಅವಕಾಶ. ಬೇರೆಯವರು ಶನಿವಾರ, ರವಿವಾರ ನೋಡಿಕೊಳ್ಳಿ. ಫಾದರ್ ಹತ್ತಿರ ಕೇಳಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಮನೆಗೆ ವಾರ ವಾರ ಹೋಗಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿಸಿ. ಮೊದಲ ವಾರ ಪುಣ್ಯದ ಕೆಲಸ ಅನಿಸುತ್ತೆ. ಮೂರನೇ ವಾರದ ಹೊತ್ತಿಗೆ ಅಸಲು ವಿಷಯ ಗೊತ್ತಾಗುತ್ತೆ. ಕಿಟಕಿ ತೆಗೆಯೋಣ ಅಂದ್ರೆ ಮಳೆ, ಕೋಣೆ ತುಂಬ ಮೂತ್ರದ ವಾಸನೆ. ಅಜ್ಜಿ ನಡುವೆ ನಿದ್ದೆ ಹೋಗಿ, ಎದ್ದು, ತೇರ್ಸಿನಲ್ಲಿ ಹೇಳಿದ ಭಾಗವನ್ನೇ ಮತ್ತೆ ಶುರು ಮಾಡುತ್ತಾಳೆ, ನೀನು ಯಾರ ಮಗ ಅಂತ ಮತ್ತೊಮ್ಮೆ ಕೇಳುತ್ತಾಳೆ. ಆಮೇಲೆ ಕೈ ಚಾಚಿ ಉಗುರು ಕತ್ತರಿಸಿಕೊಡು ಅನ್ನುತ್ತಾಳೆ. ಅಲ್ಲಿಂದ ಬಂದ ಮೇಲೂ ಮುಂದಿನ ವಾರ ಹೋಗಬೇಕು ಅನಿಸಿದರೆ, ಯಾರೂ ಹೇಳದೆ ನೀವೇ ಹೊರಟರೆ, ಅದನ್ನು ಬರೆದಿಟ್ಟುಕೊಳ್ಳಿ. ಅನಿಸದಿದ್ದರೂ ಬರೆದಿಟ್ಟುಕೊಳ್ಳಿ, ಅದೇನು ಪಾಪ ಅಲ್ಲ. ಮಕ್ಕಳಿಗೆ ಕೆಟೆಕಿಸಂ (ಧರ್ಮಪಾಠ) ಕಲಿಸುವುದರಲ್ಲಿ ನಿಮ್ಮ ಕೈ ಚೆನ್ನಾಗಿ ಓಡಬಹುದು.

ಮದುವೆಯೂ ಕರೆಯೇ. ಇದನ್ನು ಪೂಜೆಯಲ್ಲಿ ಹೇಳುತ್ತಾರೆ, ಮನೆಗೆ ಬಂದು ಯಾರೂ ನಂಬಲ್ಲ.

ಇನ್ನೊಬ್ಬರ ಕಣ್ಣೂ ಬೇಕು. ದೇವರು ಕರೆದಾಗ ಸಮುವೇಲ ಮೂರು ಸಲವೂ ಆಲಯದ ಯಾಜಕ ಏಲಿಯೇ ಕರೆದ ಅಂದುಕೊಂಡು ಓಡಿದ. ಇದು ದೇವರ ದನಿ ಅಂತ ಹೊಳೆದದ್ದು ಏಲಿಗೆ, ಹುಡುಗನಿಗಲ್ಲ. ನಿಮ್ಮನ್ನು ಬಲ್ಲ, ನಿಮ್ಮಿಂದ ಏನೂ ಆಗಬೇಕಿಲ್ಲದ ಒಬ್ಬರನ್ನು ಹುಡುಕಿ. ಫಾದರ್ ಆಗಬಹುದು, ಹಳೆ ಟೀಚರ್ ಆಗಬಹುದು. ಅವರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಪಿಯುಸಿ ಫೇಲಾಗಿ, ಇಲ್ಲಾ ಇಷ್ಟಪಟ್ಟ ಹುಡುಗಿ ಬೇರೆ ಮದುವೆಯಾಗಿ, ಆಮೇಲೆ ಕರೆ ಕೇಳಿಸಿದ್ದರೆ ಅದನ್ನೂ ಹೇಳಿ. ತಪ್ಪಿಸಿಕೊಂಡು ಓಡುವುದಕ್ಕೂ ಕರೆಗೂ ಹೊರಗಿಂದ ನೋಡಿದರೆ ಜಾಸ್ತಿ ವ್ಯತ್ಯಾಸ ಕಾಣಲ್ಲ.

ಪಾದ್ರಿಯಾಗುವ ಮನಸ್ಸಿದ್ದರೆ ಇನ್ನೊಂದು ಪ್ರಶ್ನೆ ಇದೆ. ಒಬ್ಬ ಬಿಷಪ್ ಕೆಳಗಿನ ಪ್ರದೇಶಕ್ಕೆ ಧರ್ಮಪ್ರಾಂತ್ಯ ಅನ್ನುತ್ತಾರೆ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಆದದ್ದು, ಇಡೀ ಉತ್ತರ ಕನ್ನಡ ಜಿಲ್ಲೆ ಅದರೊಳಗೆ ಬರುತ್ತೆ. ಬಿಷಪ್ ಕಳಿಸಿದಲ್ಲಿಗೆ ಹೋಗಬೇಕು. ಹೊನ್ನಾವರದ ದೊಡ್ಡ ಚರ್ಚು, ಫೆಸ್ತಿನ ಬ್ಯಾಂಡು ಕಣ್ಣಮುಂದೆ ಇಟ್ಟುಕೊಂಡು ಹೊರಟಿದ್ದೀರಾ? ಹಳಿಯಾಳ ಕಡೆಯ ಕಾಡೊಳಗಿನ ಒಂದು ಸಿದ್ದಿ ಊರಿಗೆ ಹಾಕಿದರೂ ಹೋಗ್ತೇನೆ ಅನಿಸುತ್ತಾ?

ಸಾಲದ ವಿಷಯವನ್ನೂ ಮೊದಲೇ ಬಗೆಹರಿಸಿಕೊಳ್ಳಿ. ತೀರಿಸಲಾಗದ ಸಾಲ ತಲೆ ಮೇಲಿದ್ದವರನ್ನು ಧಾರ್ಮಿಕ ಸಭೆಗಳು ನೊವಿಶಿಯೇಟಿಗೆ, ಅಂದ್ರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸಿಕೊಳ್ಳುವಂತಿಲ್ಲ, ಇದೂ ಚರ್ಚಿನ ಕಾನೂನಿನಲ್ಲಿದೆ. ಬೋಟಿನ ಲೋನ್ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಅಪ್ಪನ ಮೇಲೆ ಹಾಕಿ ಹೊರಡುವುದು ಭಕ್ತಿಯ ಲಕ್ಷಣ ಅಲ್ಲವೇ ಅಲ್ಲ.

ಇಷ್ಟಾದ ಮೇಲೂ ಮನಸ್ಸು ಅಲ್ಲೇ ನಿಂತಿದ್ದರೆ ತಡ ಮಾಡಬೇಡಿ, ಧರ್ಮಪ್ರಾಂತ್ಯದಲ್ಲಿ ದೈವಕರೆ ನೋಡಿಕೊಳ್ಳುವ ಫಾದರ್‌ರನ್ನು ಭೇಟಿಯಾಗಿ. ಸೇರಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತೆ ಅನ್ನುವ ಭಯ ಬೇಡ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರ ಸೇರಿ ಕಡಿಮೆ ಅಂದ್ರೆ 6 ವರ್ಷ, 25 ತುಂಬದೆ ಗುರುದೀಕ್ಷೆ ಇಲ್ಲ. ಸಿಸ್ಟರ್ ಆಗುವವರಿಗೂ ಕಡಿಮೆ ಅಂದ್ರೆ ಒಂದು ವರ್ಷದ ನೊವಿಶಿಯೇಟ್, ಆಮೇಲೆ ಕನಿಷ್ಠ 3 ವರ್ಷ ತಾತ್ಕಾಲಿಕ ವ್ರತ, ಅದರ ಮೇಲೆ ಶಾಶ್ವತ ವ್ರತ. ಇಷ್ಟು ಉದ್ದ ಇಟ್ಟಿರುವುದೇ ನೀವೂ ಅವರೂ ಪರಸ್ಪರ ನೋಡಿಕೊಳ್ಳಲಿ ಅಂತ. ನಡುವೆ ಇದು ನನ್ನದಲ್ಲ ಅಂತ ಗೊತ್ತಾಗಿ ಮನೆಗೆ ಬಂದರೆ ನೆಂಟರು ನಾಲ್ಕು ದಿನ ಮಾತಾಡುತ್ತಾರೆ. ಮಾತಾಡಲಿ ಬಿಡಿ.